ಗೂಡಿನಲ್ಲಿ ಗುಂಡನ ಕೂದಲು

ಬೆಳಗಿನ ಸೊಪ್ಪು ಹಾಕಲೆಂದು ರೇಷ್ಮೆ ಹುಳದ ಮನೆಗೆ ಹೋದ ಶಾಮಲಮ್ಮನ ಕಣ್ಣಿಗೆ ಮೊದಲು ಬಿದ್ದದ್ದು ಹುಳವಲ್ಲ, ಕೂದಲು. ಹಿಪ್ಪುನೇರಳೆ ಎಲೆಯ ಮೇಲೆ ಕೆನೆಬಣ್ಣದ ಒಂದು ಕೂದಲು ಆರಾಮಾಗಿ ಮಲಗಿತ್ತು. ಎತ್ತಿ ಬಿಸಾಡಿದಳು. ಪಕ್ಕದ ಎಲೆಯಲ್ಲಿ ಇನ್ನೊಂದು. ಅದನ್ನು ತೆಗೆಯುವಷ್ಟರಲ್ಲಿ ತನ್ನದೇ ಸೆರಗಿನಿಂದ ಎರಡು ಉದುರಿ ಹುಳದ ಬೆನ್ನ ಮೇಲೆ ಕೂತವು. ಮಲಗುವ ಮುಂಚೆ ಗುಡಿಸಿದ್ದಾಳೆ, ಒರೆಸಿದ್ದಾಳೆ, ಸೀರೆ ಕೊಡವಿದ್ದಾಳೆ. ಆದರೂ ಇದೆ. ಇನ್ನೇನು ಮಾಡಬೇಕು ಮನುಷ್ಯಳಾದವಳು?

"ಥೂ, ನಿನ್ನ ಕೂದ್ಲಿಗಿಷ್ಟು!" ಎಂದು ಬಾಗಿಲ ಕಡೆ ತಿರುಗಿ ಕೂಗಿದಳು.

ಬಾಗಿಲ ಮುಂದಿನ ಒದ್ದೆ ಗೋಣಿಚೀಲದ ಮೇಲೆ ಮಲಗಿದ್ದ ಗುಂಡ, ತನ್ನನ್ನು ಮಾತಾಡಿಸಿದರೆಂದು ಸಂತೋಷಪಟ್ಟು ಬಾಲ ಬಡಿದ. ಬಡಿದ ರಭಸಕ್ಕೆ ಒಂದು ಹಿಡಿ ಕೂದಲು ಎದ್ದು ಗಾಳಿಯಲ್ಲಿ ತೇಲಿ ಹೊಸ್ತಿಲು ದಾಟಿ ಒಳಗೆ ಬಂತು.

ಸುಗಟೂರಿನಲ್ಲಿ ರೇಷ್ಮೆ ಹುಳ ಸಾಕುವವರ ಮನೆಯಲ್ಲಿ ಹುಳಕ್ಕೆ ನಡೆಯುವ ಉಪಚಾರ ಮನೆಯ ಅಳಿಯನಿಗೂ ನಡೆಯುವುದಿಲ್ಲ. ಹುಳದ ಮನೆಗೆ ಹೋಗುವವರು ಮೊದಲು ಬ್ಲೀಚಿಂಗ್ ಪುಡಿ ಕಲಸಿದ ನೀರಲ್ಲಿ ನೆನೆಸಿದ ಗೋಣಿಚೀಲವನ್ನು ತುಳಿದೇ ಹೋಗಬೇಕು. ಕೈಯನ್ನೂ ಅದೇ ನೀರಲ್ಲಿ ಅದ್ದಬೇಕು. ಹುಳ ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವಾಗ, ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸಬೇಕು. ನೆಲ ತಣ್ಣಗಾದರೆ ಸುಣ್ಣ, ವಾಸನೆ ಬಂದರೆ ಸುಣ್ಣ, ಇರುವೆ ಕಂಡರೆ ಸುಣ್ಣ. ತೋಟ, ಸೊಪ್ಪು, ಮಾರುಕಟ್ಟೆ ಗಂಡ ಶ್ರೀನಿವಾಸಪ್ಪನದಾದರೆ, ಸುಣ್ಣ ಮತ್ತು ಬ್ಲೀಚಿಂಗು ಶಾಮಲಮ್ಮನ ಪಾಲು. ಹೀಗೆ ಯಾರೂ ಕೂತು ಹಂಚಿಕೊಂಡದ್ದಲ್ಲ. ಒಮ್ಮೆ ಮಾಡಿದವಳೇ ಯಾವಾಗಲೂ ಮಾಡಲಿ ಎಂದು ಬಿಟ್ಟುಬಿಟ್ಟದ್ದು.

ಇಂಥ ಮಡಿಯ ಮನೆಗೆ ಮೈತುಂಬ ಕೂದಲಿನ ಲ್ಯಾಬ್ರಡಾರ್ ನಾಯಿ ತಂದವಳು ಮಗಳು ಮೇಘನ. ಅಂಗೈಯಗಲದ ಮರಿಯನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ತಂದಿದ್ದಳು. ಸಾಕಿದವಳು ಶಾಮಲಮ್ಮ. ಮೇಘನ ಮದುವೆಯಾಗಿ ಮಾಲೂರಿಗೆ ಹೋದಳು. ಅಲ್ಲಿ ಅತ್ತೆಗೆ ನಾಯಿ ಕಂಡರಾಗದು, ಗುಂಡ ಇಲ್ಲೇ ಉಳಿದ. ಮೊದಮೊದಲು ಬೈದುಕೊಂಡೇ ಅನ್ನ ಹಾಕುತ್ತಿದ್ದ ಶಾಮಲಮ್ಮನಿಗೆ ಈಗ ಅವನಿಲ್ಲದೆ ಸೊಪ್ಪು ಬಿಡಿಸಲೂ ಬೇಸರ. ಸಾಲಿನ ತುದಿಯಲ್ಲಿ ಕೂತು ಅವಳ ಮಾತಿಗೆಲ್ಲ ಕಿವಿ ಆಡಿಸುವವನು ಅವನೊಬ್ಬನೇ. ಶ್ರೀನಿವಾಸಪ್ಪನಿಗೆ ಅವಳು ಏನಾದರೂ ಹೇಳಹೊರಟರೆ ಫೋನು ಬರುತ್ತದೆ, ಇಲ್ಲವೇ ಬೋರಿಗೆ ಕರೆಂಟು ಬರುತ್ತದೆ.

ಈ ಬೇಸಿಗೆಯವರೆಗೂ ಎಲ್ಲ ನಡೆದುಕೊಂಡು ಹೋಗುತ್ತಿತ್ತು. ಹೋದ ಬೆಳೆಯ ಗೂಡು ಮಾರುಕಟ್ಟೆಗೆ ಹೋದ ದಿನ ಕೆಟ್ಟಿತು. ಅಂದು ಶಾಮಲಮ್ಮನೂ ಗಂಡನ ಜೊತೆ ಕೋಲಾರಕ್ಕೆ ಹೋಗಿದ್ದಳು. ವರ್ಷಗಳಿಂದ ಅವರ ಗೂಡು ಕೊಂಡು ನೂಲು ತೆಗೆಯುತ್ತಿದ್ದ ರೀಲರ್ ಮುಖ್ತಿಯಾರ್ ಒಂದು ಗೂಡನ್ನು ಎತ್ತಿ, ಕನ್ನಡಕ ಮೇಲೇರಿಸಿ, ಅದರ ಹೊರಮೈಯ ಜುಂಗಿನಿಂದ ಏನನ್ನೋ ಎಳೆದ. ಎಳೆದದ್ದು ಉದ್ದಕ್ಕೆ ಬಂತು.

"ಶಾಮಲಕ್ಕಾ, ಇದು ರೇಷ್ಮೆನಾ, ಕಂಬ್ಳಿನಾ?" ಎಂದ.

ಸುತ್ತ ನಿಂತಿದ್ದವರು ನಕ್ಕರು. ಮುಖ್ತಿಯಾರ್ ಕೆಟ್ಟವನಲ್ಲ, ತಮಾಷೆಗೆ ಅಂದದ್ದು. ಆದರೆ ಇನ್ನೊಂದು ಗೂಡು ಎತ್ತಿದ, ಅದರಲ್ಲೂ ಕೂದಲು. ಮೂರನೆಯದರಲ್ಲೂ. ಆಮೇಲೆ ಅವನು ನಗಲಿಲ್ಲ.

"ನೂಲ್ ತೆಗಿಯೋವಾಗ ಎಳೆ ಕಡಿತದೆ ಅಣ್ಣಾ. ಮುಂದಿನ್ ಸಲ ಹಿಂಗೇ ಇದ್ರೆ ನಂಗ್ ಬೇಡ. ಬೇಜಾರ್ ಮಾಡ್ಕೋಬೇಡಿ," ಎಂದು ಶ್ರೀನಿವಾಸಪ್ಪನಿಗೆ ಹೇಳಿ ಪಕ್ಕದ ರಾಶಿಗೆ ನಡೆದುಬಿಟ್ಟ.

ವಾಪಸು ಬರುವಾಗ ದಾರಿಯುದ್ದಕ್ಕೂ ಶ್ರೀನಿವಾಸಪ್ಪ ಪ್ಯಾಂಟಿಗಂಟಿದ ಕೂದಲು ಕೀಳುತ್ತ ಕೂತಿದ್ದ. ಮನೆ ಮುಂದೆ ಗುಂಡ ಓಡಿಬಂದು ಪ್ಯಾಂಟಿಗೆ ಮೈ ಉಜ್ಜಿದಾಗ ತುಂಬಿಕೊಂಡಿದ್ದೆಲ್ಲ ಹೊರಗೆ ಬಂತು.

"ನಾಯಿಗೂಡಪ್ಪ ಅಂತಾವ್ರೆ ಕಣೇ ನನ್ನ! ಇಪ್ಪತ್ ವರ್ಷದ ಹೆಸ್ರು ಈ ನಾಯಿ ಬಾಲದಲ್ಲಿ ಹೋಯ್ತು. ಕೇಳಿಸ್ಕೋ. ಮುಂದಿನ್ ಬೆಳೆ ಹುಳ ಗೂಡು ಕಟ್ಟೋಕೆ ಚಂದ್ರಿಕೆಗೆ ಏರೋದ್ರೊಳಗೆ ಇದರ ಕೂದ್ಲು ನಿಲ್ಬೇಕು. ಇಲ್ಲಾಂದ್ರೆ ಬೈರಕೂರಿಗೆ ಹೋಗುತ್ತೆ. ಭೀಮರಾಜ್ ಮಾವಿನ್ ತೋಪಿಗೆ ಕಾವಲಿಗೆ ಕೇಳ್ತಾನೇ ಇದಾನೆ."

"ಅವ್ರು ಸರಪಳೀಲಿ ಕಟ್ಟಾಕ್ತಾರೆ ರೀ."

"ಕಾವಲ್ ನಾಯೀನ ಉಯ್ಯಾಲೆ ಮೇಲೆ ಕೂರಿಸ್ತಾರಾ?"

ಭೀಮರಾಜ್ ಶ್ರೀನಿವಾಸಪ್ಪನ ಚಿಕ್ಕಪ್ಪನ ಮಗ. ಅವನ ತೋಪಿನ ಹಳೆಯ ನಾಯಿಯನ್ನು ಶಾಮಲಮ್ಮ ನೋಡಿದ್ದಳು. ಅದರ ಕತ್ತಿನ ಸುತ್ತ ಸರಪಳಿ ಉಜ್ಜಿ ಉಜ್ಜಿ ಚರ್ಮ ಕಪ್ಪಾಗಿತ್ತು. ಆ ಕತ್ತು ನೆನಪಾಗಿ ಅವತ್ತು ಅವಳಿಗೆ ಊಟ ಸೇರಲಿಲ್ಲ. ಹೇಗಾದರೂ ಮಾಡಿ ಕೂದಲು ನಿಲ್ಲಿಸಲೇಬೇಕೆಂದು ಹಟ ಹಿಡಿದಳು.

ಮೇಘನಳಿಗೆ ಫೋನು ಮಾಡಿದಳು. "ಬೇಸಿಗೇಲಿ ಉದ್ರುತ್ತೆ ಕಣಮ್ಮಾ, ದಿನಾ ಬಾಚು. ನಾಯಿ ಶಾಂಪೂ ತರ್ಸು, ಡಾಕ್ಟ್ರಿಗೆ ತೋರ್ಸು," ಎಂದಳು ಮಗಳು. ಬಾಚು ಎನ್ನುವುದನ್ನಷ್ಟೇ ಶಾಮಲಮ್ಮ ಮೊದಲು ಹಿಡಿದುಕೊಂಡಳು. ಹೇನು ತೆಗೆಯುವ ಸೀರಣಿಗೆ ಹುಡುಕಿ ಬಾಚಲು ಕೂತಳು. ಬಾಚಿದಷ್ಟೂ ಬಂತು. ಒಂದು ನಾಯಿಯಿಂದ ಇನ್ನೊಂದು ನಾಯಿ ಮಾಡುವಷ್ಟು ಗುಡ್ಡೆ ಬಿತ್ತು. ಮುಗಿಯಿತೆಂದು ಎದ್ದರೆ ಗುಂಡ ಮೈ ಕೊಡವಿದ. ಮತ್ತೆ ಮೊದಲಿನಿಂದ ಶುರು.

ಬಾಚಿದರೆ ಸಾಲದು, ತೊಳೆಯಬೇಕು ಎಂದುಕೊಂಡಳು. ನಾಯಿ ಶಾಂಪೂವಿಗೆ ಗಂಡನ ಹತ್ತಿರ ಬಾಯಿ ಬಿಡಲು ಮನಸ್ಸಿರಲಿಲ್ಲ. ಬಟ್ಟೆ ಒಗೆಯುವ ಸೋಪು ಮನೆಯಲ್ಲೇ ಇತ್ತು. ದಿನ ಬೆಳಗಾದರೆ ಗುಂಡನಿಗೆ ಸ್ನಾನ. ತಾನು ತಲೆಗೆ ಎರೆದುಕೊಳ್ಳಲು ಪುರುಸೊತ್ತಿಲ್ಲದ ಹೆಂಗಸು ನಾಯಿಗೆ ದಿನಾ ಎರೆದಳು. ಪಕ್ಕದ ಮನೆಯ ಆದಿಲಕ್ಷ್ಮಿ ಕಾಂಪೌಂಡಿನಾಚೆಯಿಂದ ಬಗ್ಗಿ ನೋಡಿ, "ಏನ್ ಶಾಮಲಾ, ಹೆಣ್ಣಿನ್ ಕಡೆಯೋರು ಬರ್ತಾರಾ ನೋಡೋಕೆ?" ಎಂದು ಕೀಟಲೆ ಮಾಡಿದಳು. ಶಾಮಲಮ್ಮನಿಗೆ ನಗು ಬರಲಿಲ್ಲ, ಮೈ ಉರಿಯಿತು.

ಕೂದಲು ಮನೆಯೊಳಗೆ ಬೀಳಬಾರದೆಂದು ಗುಂಡನನ್ನು ಹೊರಗೆ ಹಾಕಿದಳು. ಹೊರಗೆ ಬಿಸಿಲು. ಇಡೀ ಅಂಗಳದಲ್ಲಿ ತಂಪಾಗಿದ್ದ ಜಾಗ ಹುಳದ ಮನೆಯ ಬಾಗಿಲ ಮುಂದಿನ ಆ ಗೋಣಿಚೀಲವೊಂದೇ. ಗುಂಡ ಹೊಟ್ಟೆ ಚೆಲ್ಲಿಕೊಂಡು ಅದರ ಮೇಲೇ ಬಿದ್ದುಕೊಂಡ. ಸದ್ಯ, ಬ್ಲೀಚಿಂಗು ತಾಕಿದರೆ ಚೊಕ್ಕಟವಾಗಿರುತ್ತಾನೆ ಎಂದುಕೊಂಡು ಅವಳೂ ಸುಮ್ಮನಿದ್ದಳು.

ಹೊಸ ಬೆಳೆಯ ಹುಳ ಬಂತು. ಅದು ಎರಡನೇ ಜ್ವರ ದಾಟುವ ಹೊತ್ತಿಗೆ ಗುಂಡನ ಮೈಮೇಲೆ ಹೊಟ್ಟು ಏಳತೊಡಗಿತು. ಕೆರೆದುಕೊಳ್ಳುವುದು ಜಾಸ್ತಿಯಾಯಿತು. ಕೆರೆದಲ್ಲೆಲ್ಲ ಕೂದಲು ಗೊಂಚಲು ಗೊಂಚಲಾಗಿ ಕಿತ್ತು ಬಂತು. ಶಾಮಲಮ್ಮ ಯೋಚಿಸಿದಳು. ಹುಳದ ಹಾಸಿಗೆಯಲ್ಲಿ ರೋಗ ಕಂಡರೆ ಏನು ಮಾಡುತ್ತೇವೆ? ಸುಣ್ಣ ಉದುರಿಸುತ್ತೇವೆ. ಗಾಳಿ ಜೋರಾದರೆ ಸಾಯುವಷ್ಟು ನಾಜೂಕಿನ ಹುಳ ಸುಣ್ಣ ತಡೆದುಕೊಳ್ಳುತ್ತದೆ, ಇಷ್ಟು ದೊಡ್ಡ ನಾಯಿ ತಡೆಯುವುದಿಲ್ಲವೇ? ತೆಳುಬಟ್ಟೆಯಲ್ಲಿ ಸುಣ್ಣ ಕಟ್ಟಿ, ಹುಳಕ್ಕೆ ಉದುರಿಸುವ ಹಾಗೇ ಗುಂಡನ ಬೆನ್ನಿಗೂ ಹೊಟ್ಟೆಗೂ ಉದುರಿಸಿದಳು. ಗುಂಡ ಸೀನಿದ. ಮೈಯೆಲ್ಲ ಬೆಳ್ಳಗಾಗಿ ಪಿಟಿಪಿಟಿ ಕಣ್ಣು ಬಿಡುತ್ತ ನಿಂತ. ಮರುದಿನ ಮತ್ತೆ ಸೋಪು, ಮತ್ತೆ ಸುಣ್ಣ.

ಅವಳ ಕೈ ಬೆರಳುಗಳ ಸಂದು ಸೀಳಿದ್ದು ಇದಕ್ಕೂ ಬಹಳ ಹಿಂದೆಯೇ. ಸಾರು ತಾಕಿದರೆ ಪ್ರಾಣ ಹೋದ ಹಾಗಾಗುತ್ತಿತ್ತು. ಮುದ್ದೆ ಮುರಿದು ಸಾರಿನಲ್ಲಿ ಅದ್ದುವುದಾಗದೆ ಚಮಚ ಹಿಡಿದಿದ್ದಳು. ಕೋಲಾರದ ಕಡೆ ಮುದ್ದೆಯನ್ನು ಚಮಚದಲ್ಲಿ ತಿನ್ನುವುದನ್ನು ಕಂಡರೆ ಯಾರೂ ಸುಮ್ಮನಿರುವುದಿಲ್ಲ. ಶ್ರೀನಿವಾಸಪ್ಪನೂ ಇರಲಿಲ್ಲ.

"ಏನಮ್ಮಾ ದೊರೆಸಾನಿ, ನಾಳೆಯಿಂದ ಮುದ್ದೆಗೆ ಫೋರ್ಕೂ ತರ್ಲಾ?" ಎಂದು ದಿನಾ ನಗುತ್ತಿದ್ದ. ಶಾಮಲಮ್ಮ ತಟ್ಟೆ ನೋಡಿಕೊಂಡು ನುಂಗುತ್ತಿದ್ದಳು.

ಹುಳ ನಾಲ್ಕನೇ ಜ್ವರ ಎದ್ದಿತು. ಚಂದ್ರಿಕೆ ಏರಲು ಇನ್ನು ಕೆಲವೇ ದಿನ. ಈ ದಿನಗಳಲ್ಲಿ ಹುಳದ ಹಸಿವು ಹೇಳತೀರದು. ಎಷ್ಟು ಸೊಪ್ಪು ಸುರಿದರೂ ಮಳೆ ಹುಯ್ದಂತೆ ಸದ್ದು ಮಾಡುತ್ತ ಮೇಯುತ್ತದೆ. ಮನೆಮಂದಿಗೆ ಕೂರಲು ಪುರುಸೊತ್ತಿರುವುದಿಲ್ಲ. ಅಂಥ ದಿನ ಬೆಳಗ್ಗೆಯೇ ಶಾಮಲಮ್ಮ ಎಲೆಯ ಮೇಲೆ ಆ ಕೂದಲು ಕಂಡು ಕೂಗಿಕೊಂಡದ್ದು. ಕೂಗು ಕೇಳಿ ಶ್ರೀನಿವಾಸಪ್ಪ ಬಂದ. ಎಲೆ ನೋಡಿದ, ಹುಳ ನೋಡಿದ, ಹೆಂಡತಿಯ ಸೆರಗು ನೋಡಿದ. ಫೋನು ತೆಗೆದು ಭೀಮರಾಜನಿಗೆ ಹಚ್ಚಿದ.

"ಮಧ್ಯಾಹ್ನದ ಮೇಲ್ ಬಾಪ್ಪಾ. ಹಾಂ, ಕರ್ಕೊಂಡ್ ಹೋಗು. ಸರಪಳಿ ನೀನೇ ತಗೊಂಬಾ."

ಶಾಮಲಮ್ಮ ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಕೆಳಗಿಟ್ಟಳು. ಅಳು ಬರಬೇಕಾಗಿತ್ತು, ಬಂದದ್ದು ಸಿಟ್ಟು. ಬಾಚಿದ್ದು ಯಾರು? ತೊಳೆದದ್ದು ಯಾರು? ಸೊಂಟ ಬಿದ್ದುಹೋಗುವಷ್ಟು ಗುಡಿಸಿದ್ದು ಯಾರು? ಒಂದು ದಿನ ಒಂದು ಚೊಂಬು ನೀರು ಎತ್ತಿಕೊಡದ ಮನುಷ್ಯ ಒಂದು ಫೋನಿನಲ್ಲಿ ಮುಗಿಸಿಬಿಟ್ಟ. ಅವಳು ಹೊರಗೆ ಬಂದು, ಸೊಪ್ಪು ಇಳಿಸಿ ಹೊರಟಿದ್ದ ಲಗೇಜು ಆಟೋವನ್ನು ನಿಲ್ಲಿಸಿ, ಗುಂಡನನ್ನು ಹಿಂದೆ ಹತ್ತಿಸಿ, ತಾನೂ ಹತ್ತಿ ಕೂತಳು.

"ಎಲ್ಲಿಗೆ ಹೊರಟೆ? ಲೇ, ಹುಳ ಹಸ್ಕೊಂಡಿದೆ!" ಎಂದು ಶ್ರೀನಿವಾಸಪ್ಪ ಓಡಿಬಂದ.

"ಕೋಲಾರಕ್ಕೆ. ನಾಯಿ ಡಾಕ್ಟ್ರ ಹತ್ರ. ಸೊಪ್ಪು ನೀವೇ ಹಾಕಿ," ಎಂದಳು. ಮದುವೆಯಾದ ಮೇಲೆ ನಾಲ್ಕನೇ ಜ್ವರ ಎದ್ದ ಹುಳ ಬಿಟ್ಟು ಅವಳು ಹೊಸ್ತಿಲು ದಾಟಿದ್ದು ಅದೇ ಮೊದಲು.

ಕೋಲಾರದಲ್ಲಿ ನಾಯಿಗಳಿಗೇ ಎಂದು ಕ್ಲಿನಿಕ್ಕು ಇಟ್ಟಿದ್ದ ಡಾಕ್ಟರು ರಜನಿ ಎಂಬ ಚಿಕ್ಕ ವಯಸ್ಸಿನ ಹೆಂಗಸು. ಗುಂಡನನ್ನು ಮೇಜಿನ ಮೇಲೆ ಹತ್ತಿಸಿದ ಕೂಡಲೇ ಮೇಜೆಲ್ಲ ಕೂದಲಾಯಿತು. ಶಾಮಲಮ್ಮನಿಗೆ ನಾಚಿಕೆಯಾಗಿ ಸೆರಗಿನಿಂದ ಒರೆಸಹೋದಳು.

"ಬಿಡಿಮ್ಮಾ, ಇಲ್ಲಿಗೆ ಕೂದ್ಲಿಲ್ಲದ್ ನಾಯಿ ಯಾವ್ದೂ ಬರಲ್ಲ," ಎಂದು ಡಾಕ್ಟರು ನಕ್ಕರು. "ಏನ್ ಮಾಡಿದೀರ ಇದುವರ್ಗೂ?"

ತನ್ನ ಶ್ರಮವನ್ನು ಕೇಳುವವರು ಕಡೆಗೂ ಒಬ್ಬರು ಸಿಕ್ಕರೆಂದು ಶಾಮಲಮ್ಮ ಒಂದೂ ಬಿಡದೆ ಹೇಳಿದಳು. ಸೀರಣಿಗೆ ಹೇಳಿದಳು. ಒಗೆಯುವ ಸೋಪಿನಲ್ಲಿ ದಿನಾ ಸ್ನಾನ ಹೇಳಿದಳು. ಬ್ಲೀಚಿಂಗಿನ ಚೀಲ ಹೇಳಿದಳು. ಸುಣ್ಣದ ವಿಷಯವನ್ನಂತೂ ಹೆಮ್ಮೆಯಿಂದಲೇ ಹೇಳಿದಳು. ಹೇಳುತ್ತ ಹೋದಂತೆ ಡಾಕ್ಟರ ಮುಖದ ನಗು ಹೋಯಿತು. ಗುಂಡನನ್ನು ಮಗ್ಗುಲಿಗೆ ಮಲಗಿಸಿ ಹೊಟ್ಟೆ ನೋಡಿದರು. ಹೊಟ್ಟೆ ಕೆಂಪಗೆ ಸುಟ್ಟ ಹಾಗಿತ್ತು. ಪಾದದ ಬೆರಳ ಸಂದುಗಳು ಸೀಳಿದ್ದವು.

"ಬೇಸಿಗೇಲಿ ಈ ಜಾತಿ ನಾಯಿ ಉದುರ್ಸೋದು ಸಹಜ ಅಮ್ಮಾ. ದಿನಾ ಮನೆಯಿಂದ ದೂರ ಕರ್ಕೊಂಡ್ ಹೋಗಿ ರಬ್ಬರ್ ಬ್ರಷ್‌ನಲ್ಲಿ ಬಾಚಿದ್ರೆ ಅರ್ಧ ಅಲ್ಲೇ ಹೋಗೋದು. ಆದ್ರೆ ಇದು ಬರೀ ಬೇಸಿಗೇದಲ್ಲ. ಸೋಪು, ಸುಣ್ಣ, ಬ್ಲೀಚಿಂಗು ಎಲ್ಲಾ ಸೇರಿ ಚರ್ಮ ಸುಟ್ಟಿದೆ. ನೀವ್ ನಿಲ್ಸೋಕೆ ಮಾಡಿದ್ದೇ ಜಾಸ್ತಿ ಉದುರ್ಸಿದೆ."

ಶಾಮಲಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ದಿನ ಗುಂಡ ಸೀನಿದ್ದು, ಪಿಟಿಪಿಟಿ ಕಣ್ಣು ಬಿಟ್ಟದ್ದು, ಆದರೂ ಮರುದಿನ ಕರೆದ ಕೂಡಲೇ ಬಾಲ ಆಡಿಸುತ್ತ ಬಂದು ಸುಣ್ಣಕ್ಕೆ ಮೈ ಒಡ್ಡಿದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಅವನ ತಲೆ ಸವರಿದಳು.

ಡಾಕ್ಟರು ಆ ಕೈಯನ್ನೇ ನೋಡುತ್ತಿದ್ದರು. "ಕೈ ತೋರ್ಸಿ," ಎಂದರು.

"ನಂದೇನಿಲ್ಲ ಬಿಡಿ."

"ತೋರ್ಸೀಮ್ಮಾ."

ಗುಂಡನ ಪಾದದ ಪಕ್ಕ ಅವಳ ಅಂಗೈಯನ್ನು ತಿರುಗಿಸಿ ಇಟ್ಟರು. ಅದೇ ಕೆಂಪು, ಅದೇ ಸೀಳು, ಬೆರಳ ಸಂದಿನಲ್ಲಿ ಅದೇ ಬಿಳಿ ಹೊಟ್ಟು. ನೋಡಿದರೆ ಒಂದೇ ಮೈಯಿಂದ ತೆಗೆದಿಟ್ಟ ಹಾಗಿದ್ದವು.

"ಎಷ್ಟ್ ದಿನದಿಂದ?"

"ಮೂರ್ ಬೆಳೆ ಆಯ್ತು."

"ಮನೇಲಿ ಯಾರೂ ನೋಡ್ಲಿಲ್ವಾ?"

ಶಾಮಲಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ಗುಂಡನಿಗೆ ಆದದ್ದು ಕೂದಲಾಗಿ ಉದುರಿತು, ಎಲೆಯ ಮೇಲೆ ಬಿತ್ತು, ಗೂಡಿಗೆ ಅಂಟಿತು, ಮಾರುಕಟ್ಟೆಯವರೆಗೂ ಹೋಗಿ ಊರಿಗೆಲ್ಲ ಗೊತ್ತಾಯಿತು. ತನ್ನ ಕೈಯಿಂದ ಉದುರಲು ಏನಿತ್ತು? ಇಲ್ಲಿಯವರೆಗೆ ಬಾರದ ಅಳು ಆಗ ಬಂತು. ಡಾಕ್ಟರು ಗುಂಡನಿಗೆ ಮುಲಾಮು, ಶಾಂಪೂ ಕೊಟ್ಟರು. ಶಾಂಪೂ ಸ್ನಾನ ಅಪರೂಪಕ್ಕೆ, ಸುಣ್ಣ ಬ್ಲೀಚಿಂಗಿನ ಹತ್ತಿರ ಸುಳಿಯಬಾರದು ಎಂದರು. ಅವಳ ಕೈಗೆ ಚರ್ಮದ ಡಾಕ್ಟರ ವಿಳಾಸ ಹೇಳಿದರು.

"ಕೂದ್ಲು ಪೂರ್ತಿ ನಿಲ್ಲುತ್ತಾ ಡಾಕ್ಟ್ರೇ?" ಎಂದು ಬಾಗಿಲಲ್ಲಿ ನಿಂತು ಕೇಳಿದಳು.

"ಸುಳ್ಳು ಹೇಳಲ್ಲ. ಪೂರ್ತಿ ಯಾವತ್ತೂ ನಿಲ್ಲಲ್ಲ."

ಸುಗಟೂರಿಗೆ ಬಂದಾಗ ಅಂಗಳದಲ್ಲಿ ಬೈರಕೂರಿನ ಟೆಂಪೋ ನಿಂತಿತ್ತು. ಭೀಮರಾಜ್ ಕೈಗೆ ಸರಪಳಿ ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದ. ಅವನ ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡಕ್ಕೆ ಬರುವುದು ವಾಡಿಕೆ. "ಏಂದಿ ವದಿನಾ, ಎಷ್ಟೊತ್ತು ಕಾಯೋದು ಅತ್ತಿಗೆ?" ಎಂದ. ಹುಳದ ಮನೆಯಿಂದ ಶ್ರೀನಿವಾಸಪ್ಪ ಹೊರಬಂದ. ತಲೆಗೆ ಕಟ್ಟಿದ ಟವೆಲ್ಲು ಬಿಚ್ಚಿಹೋಗಿತ್ತು, ಒಬ್ಬನೇ ಸೊಪ್ಪು ಹಾಕಿ ಸಾಕುಸಾಕಾಗಿತ್ತು.

"ಏನಂದ್ರು? ಕೂದ್ಲು ನಿಲ್ಲುತ್ತಂತಾ?"

"ನಿಲ್ಲಲ್ವಂತೆ. ಕಮ್ಮಿ ಆಗುತ್ತಂತೆ, ನಿಲ್ಲಲ್ಲ."

"ಸರಿ ಹಂಗಾದ್ರೆ. ಹಿಡ್ಕೊಳ್ಳಪ್ಪಾ ಭೀಮ."

ಭೀಮರಾಜ್ ಎದ್ದ. ಶಾಮಲಮ್ಮ ಗುಂಡನಿಗೂ ಅವನಿಗೂ ನಡುವೆ ನಿಂತು ಎರಡೂ ಕೈ ಮುಂದೆ ಚಾಚಿದಳು.

"ಸರಪಳಿ ಇದಕ್ಕೂ ಹಾಕು ಭೀಮ. ನಾನೂ ಬರ್ತೀನಿ ಬೈರಕೂರಿಗೆ. ಅಲ್ಲಿ ಸುಣ್ಣ ಇಲ್ಲ, ಬ್ಲೀಚಿಂಗ್ ಇಲ್ಲ. ನಂಗೂ ಗುಂಡಂಗೂ ಒಂದೇ ರೋಗ."

ಭೀಮರಾಜ್ ಕೈ ನೋಡಿ, "ಅಬ್ಬೋ," ಎಂದು ಹಿಂದೆ ಸರಿದ. ಶ್ರೀನಿವಾಸಪ್ಪ ಹತ್ತಿರ ಬಂದು ಆ ಕೈಗಳನ್ನು ಮೊದಲ ಸಲ ಕಾಣುವವನಂತೆ ನೋಡಿದ. ಒಂದು ಬೆರಳ ಸಂದಿನಲ್ಲಿ ರಕ್ತ ಜಿನುಗಿತ್ತು.

"ಇದೇನೇ ಇದು? ಯಾವಾಗಿಂದ? ಬಾಯ್ ಬಿಟ್ಟು ಹೇಳೋದಲ್ವಾ?"

"ದಿನಾ ನಿಮ್ ಎದ್ರಿಗೇ ಕೂತು ಚಮಚದಲ್ಲಿ ಮುದ್ದೆ ತಿಂದೆ. ನೀವು ನಗ್ತಿದ್ರಿ."

ಗುಂಡ ಬೇಸರಗೊಂಡು ಮೈ ಕೊಡವಿದ. ಕೂದಲು ಎದ್ದು ಮೂವರ ಮೇಲೂ ಬಂದು ಕೂತಿತು. ಶ್ರೀನಿವಾಸಪ್ಪ ತಮ್ಮನ ಕಡೆ ತಿರುಗದೆ, "ನೀನು ಕಾಫಿ ಕುಡ್ಕೊಂಡ್ ಹೋಗಪ್ಪಾ ಭೀಮ," ಎಂದ.

ಭೀಮರಾಜನ ಟೆಂಪೋ ಸರಪಳಿಯನ್ನಷ್ಟೇ ಹೊತ್ತು ಹೋಯಿತು. ಶಾಮಲಮ್ಮ ಗಂಡನ ಮುಂದೆ ಗೋಣಿಚೀಲ ಎತ್ತಿ ತೋರಿಸಿ, ಇನ್ನು ಗುಂಡ ಮಲಗದಂತೆ ಇದರ ಸುತ್ತ ಅಡ್ಡ ಕಟ್ಟಬೇಕೆಂದಳು. ಹುಳದ ಮನೆಗೆ ಹೋಗುವಾಗ ಉಡಲು ಬೇರೆ ಸೀರೆ ಒಳಗೇ ಇರಬೇಕೆಂದಳು. ಶ್ರೀನಿವಾಸಪ್ಪ ಎಲ್ಲದಕ್ಕೂ ತಲೆಯಾಡಿಸಿದ. ಮುಖ್ತಿಯಾರ್ ಈ ಸಲದ ಗೂಡು ನೋಡಿ ಏನನ್ನುತ್ತಾನೋ ಅವಳಿಗೂ ಗೊತ್ತಿಲ್ಲ, ಆ ಭಯ ಹಾಗೇ ಇತ್ತು. ಸಂಜೆಯ ಸುಣ್ಣ ಹಾಕುವ ಹೊತ್ತಾಯಿತು. ಅವಳು ಏಳಲಿಲ್ಲ. ಅಂಗಳದಾಚೆಯ ಹುಣಸೆಮರದ ಕೆಳಗೆ ಗುಂಡನ ಹೊಟ್ಟೆಗೆ ಮುಲಾಮು ಹಚ್ಚುತ್ತ ಕೂತಿದ್ದಳು. ಕಾದು ನೋಡಿದ ಶ್ರೀನಿವಾಸಪ್ಪ ಕಡೆಗೆ ತಾನೇ ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿ, ಸುಣ್ಣದ ಗಂಟು ಹಿಡಿದು ಒಳಗೆ ಹೋದ. ಸೊಪ್ಪು ಕೊಯ್ದು ಕೊಯ್ದು ಅವನ ಕೈಮೇಲೂ ಗೀರುಗಳಿದ್ದವು.

ಒಳಗಿನಿಂದ ಒಂದು ಸೀನು ಕೇಳಿಸಿತು. ಆಮೇಲೆ ಇನ್ನೊಂದು. ಆಮೇಲೆ ಕೂಗು.

"ಶಾಮಲಾ! ಕೈ ಉರಿಯುತ್ತೆ ಕಣೇ ಇದು!"

ಗುಂಡ ಕಿವಿ ನೆಟ್ಟಗೆ ಮಾಡಿ ಶಾಮಲಮ್ಮನ ಮುಖ ನೋಡಿದ. ಅವಳು ಅವನ ಪಾದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದಿಗೆ ಮುಲಾಮು ಸವರಿದಳು.

"ಹೌದಾ?" ಎಂದಳು.